ಹಸಿರು ಚುಕ್ಕಿಗೆ ಜಾಗ ಸಿಕ್ಕಿತು, ಉಪ್ಪು-ಸಕ್ಕರೆಗೆ ಯಾಕಿಲ್ಲ?

ಉದ್ದದ ಪೋಸ್ಟ್. ಮೆಟ್ರೋದಲ್ಲೋ ಬಸ್ಸಲ್ಲೋ ಕೂತಾಗ ಓದಿ. ಆದರೆ ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಮನೆಯಲ್ಲಿ ಇರೋ ಒಂದು ಚಿಪ್ಸ್ ಪ್ಯಾಕೆಟ್ಟೋ ಕ್ರೀಮ್ ಬಿಸ್ಕೆಟ್ ಪ್ಯಾಕೆಟ್ಟೋ ಕೈಗೆ ತಗೊಳ್ಳಿ. ಮುಂಭಾಗ ನೋಡಿ. ಬಣ್ಣ, ಚಿತ್ರ, ನಗುವ ಮುಖ, ‘ಹೊಸ ರುಚಿ’ ಅನ್ನೋ ಕೂಗು ಎಲ್ಲ ಕಂಪನಿಯದ್ದು. ಹೆಸರು, ತೂಕ ಬಿಟ್ಟರೆ, ಒಳಗಿರೋ ಆಹಾರ ಎಂಥದ್ದು ಅಂತ ಒಂದೇ ನೋಟಕ್ಕೆ ತಿಳಿಯಲಿ ಅಂತ ಸರ್ಕಾರ ಕಾನೂನು ಮಾಡಿ ಅಲ್ಲಿ ಹಾಕಿಸಿರೋ ಚಿಹ್ನೆ ಒಂದೇ. ಹಸಿರು ಚೌಕದೊಳಗೆ ಹಸಿರು ಚುಕ್ಕಿ.

ಆ ಚುಕ್ಕಿ ಏನು ಹೇಳುತ್ತೆ? ಒಳಗೆ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ ಅಂತ ಹೇಳುತ್ತೆ. ಉಪ್ಪೆಷ್ಟು, ಸಕ್ಕರೆ ಎಷ್ಟು, ಎಣ್ಣೆ ಎಷ್ಟು ಅಂತ ಹೇಳಲ್ಲ. ಅದೆಲ್ಲ ಹಿಂದುಗಡೆ ಇದೆ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಪ್ಯಾಕೆಟ್ಟಿನ ಮಡಿಕೆಯೊಳಗೆ.

ಮೊಟ್ಟೆ ಹಾಕಿದ ಕೇಕಿಗೆ ಕಂದು ಗುರುತು. ಉಪ್ಪು ಎಣ್ಣೆ ಸುರಿದ ಚಿಪ್ಸಿಗೆ ಹಸಿರು ಗುರುತು. ಸಿಗ್ನಲ್‌ನಲ್ಲಿ ಹಸಿರು ಅಂದ್ರೆ ‘ಹೋಗು, ಅಪಾಯ ಇಲ್ಲ’ ಅಂತ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತಿದಾರೆ. ಅಂಗಡಿಯಲ್ಲಿ ಅದೇ ಬಣ್ಣ ಚಿಪ್ಸಿನ ಮೇಲಿದೆ.

ಇದು ಹೇಗಾಯ್ತು ಅಂತ ಇತಿಹಾಸ ನೋಡೋಣ.

2001ರಲ್ಲಿ ಆಹಾರ ಕಲಬೆರಕೆ ತಡೆ ನಿಯಮಗಳಿಗೆ ತಿದ್ದುಪಡಿ ಮಾಡಿ ಮೊದಲು ಮಾಂಸಾಹಾರಕ್ಕೆ ಕಂದು ಗುರುತು, ಅದೇ ವರ್ಷ ಸಸ್ಯಾಹಾರಕ್ಕೆ ಹಸಿರು ಗುರುತು ಕಡ್ಡಾಯ ಮಾಡಿದರು. ಆಮೇಲೆ 2020ರ ಲೇಬಲ್ ನಿಯಮದಲ್ಲಿ ಕಂದು ದುಂಡು ಗುರುತನ್ನ ಕಂದು ತ್ರಿಕೋನ ಮಾಡಿದರು. ಯಾಕೆ ಗೊತ್ತಾ? ಬಣ್ಣ ಗುರುತಿಸಲಾಗದವರಿಗೂ ಆಕಾರದಿಂದಲೇ ವ್ಯತ್ಯಾಸ ಗೊತ್ತಾಗಲಿ ಅಂತ. ಎಷ್ಟು ಕಾಳಜಿ ನೋಡಿ! ಒಬ್ಬನೇ ಒಬ್ಬ ಗ್ರಾಹಕ ಕೂಡ ತಪ್ಪಿ ಮೊಟ್ಟೆ ತಿನ್ನಬಾರದು ಅನ್ನೋ ಕಾಳಜಿ.

ಈಗ ಇನ್ನೊಂದು ಕಡೆ ನೋಡಿ. ಉಪ್ಪು, ಸಕ್ಕರೆ, ಕೊಬ್ಬು ಜಾಸ್ತಿ ಇರೋ ಪ್ಯಾಕೆಟ್ಟಿನ ಮುಂದೆ ಕೆಂಪು ಗುರುತು ಹಾಕಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ 2018ರಲ್ಲಿ ಕರಡು ತಂದಿತು. ಕಂಪನಿಗಳು ಗಲಾಟೆ ಮಾಡಿದವು, ಕರಡು ಮೂಲೆ ಸೇರಿತು. 2019ರಲ್ಲಿ ಮತ್ತೊಂದು ಕರಡು. 2022ರಲ್ಲಿ ಕೆಂಪು ಗುರುತಿನ ಬದಲು ನಕ್ಷತ್ರ ಕೊಡೋ ಕರಡು. ಅದಕ್ಕೆ 14,000ಕ್ಕೂ ಹೆಚ್ಚು ಅಭಿಪ್ರಾಯ ಬಂದಿವೆ, ಪರಿಶೀಲಿಸಬೇಕು ಅಂತ ಕೋರ್ಟಿಗೆ ಹೇಳಿದರು. 2025ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್, ತಜ್ಞರ ಸಮಿತಿ ಮೂರು ತಿಂಗಳಲ್ಲಿ ಶಿಫಾರಸು ಕೊಡಲಿ ಅಂತ ಹೇಳಿತು. ಮೂರು ತಿಂಗಳು ಮುಗಿಯಿತು, ಮತ್ತೆ ಸಮಯ ಕೇಳಿದರು.

ಮಡಿಯ ಗುರುತು ಒಂದೇ ವರ್ಷದಲ್ಲಿ ಎರಡು ಬಣ್ಣದಲ್ಲಿ ಬಂತು. ಆರೋಗ್ಯದ ಗುರುತು 2018ರಿಂದ ಕರಡಿನಲ್ಲೇ ಇದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಕಾಮೆಂಟಲ್ಲಿ ಇದೇ ಬರುತ್ತೆ. ಹಸಿರು ಚುಕ್ಕಿ ತೆಗೆಯಿರಿ ಅಂತ ನಾನು ಕೇಳ್ತಿಲ್ಲ. ಮಾಂಸ ತಿನ್ನದವರಿಗೆ ತಮ್ಮ ಊಟದಲ್ಲಿ ಏನಿದೆ ಅಂತ ತಿಳಿಯೋ ಹಕ್ಕಿದೆ. ಆ ಹಕ್ಕನ್ನ ಗೌರವಿಸ್ತೀನಿ. ನನ್ನ ಪ್ರಶ್ನೆ ಇಷ್ಟೇ. ಸಕ್ಕರೆ ಕಾಯಿಲೆ ಇರೋ ತಾಯಿಗೆ, ಬಿಪಿ ಇರೋ ವಾಚ್‌ಮನ್ನಿಗೆ ಅದೇ ಹಕ್ಕು ಯಾಕಿಲ್ಲ? ಈ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಇವರು ಮುಂಭಾಗದಲ್ಲಿ ಒಂದು ಗುರುತಿಗೆ ಲಾಯಕ್ಕಿಲ್ಲವಾ?

ನಮ್ಮ ಓಣಿಯ ವಿಷಯಕ್ಕೆ ಬರ್ತೀನಿ. ನಾನಿರೋದು ನಾಗಸಂದ್ರದಲ್ಲಿ. 2015ರಲ್ಲಿ ಮೆಟ್ರೋ ಬಂತು, 2022ರಲ್ಲಿ ಐಕಿಯಾ ಬಂತು. ಆದರೆ ಮುಖ್ಯರಸ್ತೆ ಬಿಟ್ಟು ಒಳಗೆ ಬಂದರೆ ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸಿಗೆ ಹೋಗೋರ ಒಂದು ಕೋಣೆಯ ಮನೆಗಳು. ಬೆಳಿಗ್ಗೆ ಆರಕ್ಕೆ ಶಿಫ್ಟ್ ಇದ್ದರೆ ಅಡುಗೆಗೆ ಪುರುಸೊತ್ತಿಲ್ಲ. ಟೀ ಜೊತೆ ಬನ್ನು, ಮಗುವಿನ ಕೈಗೆ ಐದೋ ಹತ್ತೋ ರೂಪಾಯಿ. ಆ ಐದು ರೂಪಾಯಿಗೆ ಅಂಗಡಿಯಲ್ಲಿ ಏನು ಸಿಗುತ್ತೆ? ಬಾಗಿಲಿಗೆ ತೋರಣದ ಹಾಗೆ ನೇತು ಹಾಕಿರೋ ಪ್ಯಾಕೆಟ್ಟು. ಐದು ರೂಪಾಯಿಗೆ ಮೊಟ್ಟೆ ಸಿಗಲ್ಲ, ಪ್ಯಾಕೆಟ್ಟು ಎಲ್ಲ ಬಣ್ಣದಲ್ಲೂ ಸಿಗುತ್ತೆ.

ಇದಕ್ಕೆ ಜನ ‘ಆಯ್ಕೆ’ ಅಂತಾರೆ. ‘ನಿಮ್ಮವರು ಯಾಕೆ ಅದನ್ನೇ ಕೊಡಿಸ್ತೀರಿ, ಹಣ್ಣು ಕೊಡಿಸಿ’ ಅಂತ ನಮಗೆ ಬುದ್ಧಿ ಹೇಳ್ತಾರೆ. ಕೈಲಿ ಐದು ರೂಪಾಯಿ, ಕಾಲಡಿ ಹತ್ತು ನಿಮಿಷ ಇರೋ ತಾಯಿಗೆ ಆಯ್ಕೆ ಎಲ್ಲಿದೆ? ಅವಳು ಆರಿಸೋ ಮೊದಲೇ ಮೂರು ಜನ ಆರಿಸಿ ಆಗಿರುತ್ತೆ. ಲೇಬಲ್ ಬರೆಯೋನು, ತೆರಿಗೆ ಹಾಕೋನು, ಜಾಹೀರಾತು ಮಾಡೋನು.

ಮೊದಲನೆಯವನು, ಲೇಬಲ್ ಬರೆಯೋನು.

ಒಂದು ಭಾನುವಾರ ನಮ್ಮ ಓಣಿಯ ಮಕ್ಕಳು ಹೆಂಗಸರೆಲ್ಲ ಸೇರಿ ಖಾಲಿ ಪ್ಯಾಕೆಟ್ಟು ಓದೋಕೆ ಕೂತೆವು. ಒಂದು ಚೀಲ ತುಂಬಿತ್ತು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಷ್ಟಪಟ್ಟು ಓದಿದಳು: ‘ಸೋಡಿಯಂ, 800 ಮಿಲಿಗ್ರಾಂ’. ‘ಅಕ್ಕಾ, ಇದು ಉಪ್ಪಾ?’ ಅಂತ ಕೇಳಿದಳು. ಉಪ್ಪೇ ಕಣೇ, ಆದರೆ ಅದನ್ನ ಎರಡೂವರೆಯಿಂದ ಗುಣಿಸಬೇಕು. ಅಂದ್ರೆ 100 ಗ್ರಾಂ ತಿಂಡಿಗೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತೆ. ಅನ್ನ, ಸಾರು, ಉಪ್ಪಿನಕಾಯಿ ಎಲ್ಲ ಸೇರಿ ಅಷ್ಟೇ.

ಇನ್ನೊಂದು ಪಾನೀಯದ ಬಾಟಲಿ. 100 ಎಂಎಲ್‌ಗೆ 10 ಗ್ರಾಂ ಸಕ್ಕರೆ ಅಂತ ಬರೆದಿದ್ದರೆ 250 ಎಂಎಲ್ ಬಾಟಲಿಗೆ 25 ಗ್ರಾಂ ಆಯ್ತು. ಟೀ ಚಮಚದ ಲೆಕ್ಕದಲ್ಲಿ ಆರು. ಬಾಟಲಿ 250 ಆದರೂ ಲೆಕ್ಕ ಬರೆಯೋದು 100ಕ್ಕೆ. ಗುಣಾಕಾರ ನಮ್ಮ ತಲೆ ಮೇಲೆ. ನಾನು ಬಿಎ ಓದಿದೀನಿ, ದಿನವಿಡೀ ಆಫೀಸಿನಲ್ಲಿ ಬಿಲ್ಲು, ಲೆಡ್ಜರ್ ನೋಡೋ ಕ್ಲರ್ಕು. ನನಗೇ ಫೋನಿನ ಕ್ಯಾಲ್ಕುಲೇಟರ್ ಬೇಕಾಯ್ತು. ಗಾರ್ಮೆಂಟ್ಸಿನಿಂದ ಎಂಟು ಗಂಟೆಗೆ ಬಂದು ಅಂಗಡಿ ಮುಂದೆ ನಿಂತವಳು ಭಾಗಾಕಾರ ಗುಣಾಕಾರ ಮಾಡ್ತಾಳಾ?

ಭಾಷೆಯ ಕಥೆ ಇನ್ನೂ ಚೆಂದ. ಕೇಂದ್ರದ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ಟಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು. ಕನ್ನಡ ಬೇಕಿದ್ದರೆ ಹಾಕಬಹುದು, ಹಾಕದಿದ್ದರೂ ತಪ್ಪಲ್ಲ. ನಮ್ಮ ರಾಜ್ಯ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ತಂದಿತು. ಅದರ ಪ್ರಕಾರ ಇಲ್ಲೇ ತಯಾರಾಗೋ ವಸ್ತುಗಳ ಮೇಲೆ ಹೆಸರು, ಸೂಚನೆ ಕನ್ನಡದಲ್ಲೂ ಇರಬೇಕು ಅಂತ 2025ರ ಫೆಬ್ರವರಿಯಲ್ಲಿ ಆದೇಶ ಹೊರಟಿತು. ಒಳ್ಳೇದು. ಆದರೆ ಹೆಸರು ಕನ್ನಡದಲ್ಲಿ ಬಂದು ಸಕ್ಕರೆ ಇಂಗ್ಲಿಷಿನಲ್ಲೇ ಉಳಿದರೆ ಕಂಪನಿಯ ಜಾಹೀರಾತಿಗೆ ನಾವು ಕನ್ನಡ ಕೊಟ್ಟ ಹಾಗಾಯ್ತೇ ಹೊರತು ಗ್ರಾಹಕನಿಗಲ್ಲ. ಕನ್ನಡ ಸಂಘಟನೆಯ ಗೆಳೆಯರು ಬೋರ್ಡಿನ ಅಕ್ಷರಕ್ಕೆ ಹೋರಾಡ್ತಾರೆ. ಒಮ್ಮೆ ಪ್ಯಾಕೆಟ್ಟಿನ ಹಿಂಭಾಗ ತಿರುಗಿಸಿ ನೋಡಲಿ ಅಂತ ಪ್ರೀತಿಯಿಂದ ಕೇಳ್ತೀನಿ.

ಮಾಹಿತಿ ಯಾರಿಗೆ ಸಿಗ್ತಿದೆ ಅಂತಲೂ ನೋಡಿ. ಹತ್ತು ಅಥವಾ ಹೆಚ್ಚು ಶಾಖೆ ಇರೋ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅಂತ ನಿಯಮ ಬಂದಿದೆ. ಎಸಿ ಹಾಲಿನಲ್ಲಿ ಬರ್ಗರ್ ತಿನ್ನೋರಿಗೆ ಬೋರ್ಡ್ ಮೇಲೆ ದೊಡ್ಡ ಅಂಕಿ, ಐದು ರೂಪಾಯಿ ಪ್ಯಾಕೆಟ್ ತಿನ್ನೋ ಮಗುವಿಗೆ ಮಡಿಕೆಯೊಳಗಿನ ಇರುವೆ ಸಾಲು.

ನಕ್ಷತ್ರದ ಕರಡಿಗೆ ನನ್ನ ವಿರೋಧ ಯಾಕೆ ಅಂತಲೂ ಹೇಳ್ಬೇಕು. ಅದರಲ್ಲಿ ಅರ್ಧದಿಂದ ಐದರವರೆಗೆ ನಕ್ಷತ್ರ. ಸಕ್ಕರೆ ಉಪ್ಪಿಗೆ ಅಂಕ ಕಳೆಯುತ್ತೆ, ಹಣ್ಣು, ಬೀಜ, ನಾರು ಇದ್ದರೆ ಅಂಕ ಕೂಡುತ್ತೆ. ಅಂದ್ರೆ ಸಕ್ಕರೆ ಬಿಸ್ಕೆಟ್ಟಿಗೆ ಒಂಚೂರು ಬಾದಾಮಿ ಪುಡಿ ಉದುರಿಸಿ ಅರ್ಧ ನಕ್ಷತ್ರ ಸಂಪಾದಿಸಬಹುದು. ಅದೂ ಅಲ್ಲದೆ ನಕ್ಷತ್ರ ಅಂದ್ರೆ ಹೋಟೆಲಿಗೆ, ಸಿನಿಮಾಕ್ಕೆ ಕೊಡೋ ಬಹುಮಾನ. ಎರಡು ನಕ್ಷತ್ರ ನೋಡಿದ ಮಗು ‘ಎರಡಿದೆ’ ಅಂತ ಖುಷಿ ಪಡುತ್ತೆ, ‘ಮೂರಿಲ್ಲ’ ಅಂತ ಹೆದರಲ್ಲ.

ದಕ್ಷಿಣ ಅಮೆರಿಕದ ಚಿಲಿ ದೇಶ 2016ರ ಜೂನ್‌ನಲ್ಲಿ ಏನು ಮಾಡಿತು ನೋಡಿ. ಎಂಟು ಮೂಲೆಯ ಕಪ್ಪು ಚಿಹ್ನೆ. ಅದರಲ್ಲಿ ‘ಸಕ್ಕರೆ ಜಾಸ್ತಿ’, ‘ಉಪ್ಪು ಜಾಸ್ತಿ’ ಅಂತ ಬರಹ, ಅಷ್ಟೇ. ಕಪ್ಪು ಚಿಹ್ನೆ ಇರೋ ಪ್ಯಾಕೆಟ್ಟಿನ ಮೇಲೆ ಕಾರ್ಟೂನ್ ಗೊಂಬೆ ಹಾಕೋ ಹಾಗಿಲ್ಲ, ಶಾಲೆಯಲ್ಲಿ ಮಾರೋ ಹಾಗಿಲ್ಲ, ಮಕ್ಕಳಿಗೆ ಜಾಹೀರಾತು ಮಾಡೋ ಹಾಗಿಲ್ಲ. ಆಮೇಲೆ ಸಕ್ಕರೆ ಜಾಸ್ತಿ ಇರೋ ಪಾನೀಯಗಳ ಖರೀದಿ ಸುಮಾರು 24% ಇಳಿಯಿತು ಅಂತ ಸಂಶೋಧಕರು ಲೆಕ್ಕ ಹಾಕಿದರು. ಚಿಲಿಯ ತಾಯಂದಿರಿಗೆ ಒಂದೇ ವರ್ಷದಲ್ಲಿ ಬುದ್ಧಿ ಬಂತಾ? ಇಲ್ಲ. ಗೊತ್ತಾಗೋ ಹಾಗೆ ಬರೆದರು, ಗೊತ್ತಾಯ್ತು.

ಎರಡನೆಯವನು, ತೆರಿಗೆ ಹಾಕೋನು.

2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಹಾಕಿದರು. 25 ಕೆಜಿವರೆಗಿನ ಚೀಲಕ್ಕೆ. ಅದಕ್ಕೆ ಮೊದಲು ದೊಡ್ಡ ಬ್ರಾಂಡಿಗೆ ಮಾತ್ರ ಇತ್ತು. ಬಿಡಿ ಧಾನ್ಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ನಗರದ ಅಂಗಡಿಗಳಲ್ಲಿ ಬಿಡಿ ಮೂಟೆ ಕಡಿಮೆ ಆಗ್ತಾ ಬರ್ತಿದೆ, ಒಂದು ಕೆಜಿ ಪ್ಯಾಕೆಟ್ಟೇ ಎಲ್ಲ ಕಡೆ.

2025ರ ಜನವರಿ ಕೊನೆಗೆ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಬಂತು. ಅತಿಯಾಗಿ ಸಂಸ್ಕರಿಸಿದ ತಿಂಡಿಗಳಿಗೆ ‘ಆರೋಗ್ಯ ತೆರಿಗೆ’ ಹಾಕೋದನ್ನ ಯೋಚಿಸಬಹುದು, ಮುಂಭಾಗದ ಲೇಬಲ್ ಬೇಕು ಅಂತ ಸರ್ಕಾರದ್ದೇ ಪುಸ್ತಕ ಹೇಳಿತು. ಎಂಟು ತಿಂಗಳಾಯ್ತು. ಸೆಪ್ಟೆಂಬರ್ 22ರಂದು ಹೊಸ ಜಿಎಸ್‌ಟಿ ದರ ಜಾರಿಗೆ ಬಂತು. ನಾನು ಆಫೀಸಿನಲ್ಲಿ ಸಾಫ್ಟ್‌ವೇರ್‌ನಲ್ಲಿ ದರ ಬದಲಾಯಿಸಬೇಕಿತ್ತು, ಹಾಗಾಗಿ ಪಟ್ಟಿ ಪೂರ್ತಿ ಓದಿದೆ. ನಮ್ಮ ಕಂಪನಿಗೂ ತಿಂಡಿಗೂ ಸಂಬಂಧ ಇಲ್ಲ, ಆದರೆ ಓದ್ತಾ ಓದ್ತಾ ಬೆರಗಾಯ್ತು. ನೀವೂ ನೋಡಿ.

ಚಿಪ್ಸ್, ಮಿಕ್ಸ್‌ಚರ್, ಭುಜಿಯಾ: 12ರಿಂದ 5%ಗೆ.
ಇನ್‌ಸ್ಟಂಟ್ ನೂಡಲ್ಸ್: 12ರಿಂದ 5%ಗೆ.
ಬಿಸ್ಕೆಟ್, ಚಾಕೊಲೇಟ್, ಐಸ್‌ಕ್ರೀಮ್: 18ರಿಂದ 5%ಗೆ.
ಪನ್ನೀರ್ ಪ್ಯಾಕೆಟ್: 5ರಿಂದ ಸೊನ್ನೆಗೆ.
ಪಿಜ್ಜಾ ಬ್ರೆಡ್: ಸೊನ್ನೆ.
ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್: ಇದ್ದ 5% ಹಾಗೇ.
ರಾಗಿ ಹಿಟ್ಟಿನ ಪ್ಯಾಕೆಟ್: ಅದೂ 5%.

ಅಂದ್ರೆ ಈಗ ಚಿಪ್ಸಿಗೂ ರಾಗಿ ಹಿಟ್ಟಿಗೂ ಒಂದೇ ತೆರಿಗೆ. ಸಂವಿಧಾನದ ಸಮಾನತೆ ಪ್ಯಾಕೆಟ್ಟಿಗೆ ಮೊದಲು ಬಂತು ನೋಡಿ! ಪಿಜ್ಜಾದ ಬ್ರೆಡ್ಡಿಗೆ ವಿನಾಯಿತಿ, ಬಡವರ ಬೇಳೆಗೆ ಇಲ್ಲ. ದರ ಇಳಿದಾಗ ಐದು ರೂಪಾಯಿ ಪ್ಯಾಕೆಟ್ ನಾಲ್ಕೂವರೆ ಆಗಲಿಲ್ಲ. ಬೆಲೆ ಅಷ್ಟೇ ಇಟ್ಟು ಒಳಗಿನ ತೂಕ ಹೆಚ್ಚಿಸ್ತೀವಿ ಅಂತ ಬಿಸ್ಕೆಟ್ ಕಂಪನಿಗಳು ಹೇಳಿದವು. ತೆರಿಗೆ ಬಿಟ್ಟುಕೊಟ್ಟಿದ್ದಕ್ಕೆ ನಮ್ಮ ಮಕ್ಕಳಿಗೆ ಸಿಕ್ಕಿದ್ದು ಇನ್ನೆರಡು ಗ್ರಾಂ ಮೈದಾ ಸಕ್ಕರೆ.

‘ಕೋಲಾಗೆ 40% ಹಾಕಿದ್ದಾರಲ್ಲ’ ಅಂತೀರಿ. ಮೊದಲೂ ಸೆಸ್ ಸೇರಿ 40 ಇತ್ತು, ಈಗಲೂ 40. ಆದರೆ ಅದು ಸಕ್ಕರೆ ಮೇಲಿನ ತೆರಿಗೆ ಅಲ್ಲ, ಗುಳ್ಳೆ ಮೇಲಿನ ತೆರಿಗೆ. ಸಕ್ಕರೆ ಇರೋ ಕೋಲಾಗೂ ಸಕ್ಕರೆ ಇಲ್ಲದ ಕೋಲಾಗೂ ಒಂದೇ 40. ಗುಳ್ಳೆ ಇಲ್ಲದ, ಹಣ್ಣಿನ ರಸ ಸೇರಿಸಿದ ಮಾವಿನ ಪಾನೀಯಕ್ಕೆ, ಅದರಲ್ಲೂ ಸಕ್ಕರೆ ಸುರಿದಿದ್ದರೂ, 12ರಿಂದ 5ಕ್ಕೆ ಇಳಿಸಿದ್ದಾರೆ. ಹೀಗಿದ್ದರೆ ಕಂಪನಿ ಸಕ್ಕರೆ ಯಾಕೆ ಕಡಿಮೆ ಮಾಡುತ್ತೆ? ಬ್ರಿಟನ್ನಿನಲ್ಲಿ 2018ರ ಏಪ್ರಿಲ್‌ನಿಂದ ಸಕ್ಕರೆಯ ಪ್ರಮಾಣಕ್ಕೆ ತಕ್ಕ ತೆರಿಗೆ. 100 ಎಂಎಲ್‌ಗೆ 5 ಗ್ರಾಂಗಿಂತ ಕಡಿಮೆ ಇದ್ದರೆ ತೆರಿಗೆ ಇಲ್ಲ, 8 ದಾಟಿದರೆ ಜಾಸ್ತಿ. ಕಂಪನಿಗಳು ತಾವಾಗೇ ಸಕ್ಕರೆ ಇಳಿಸಿದವು. ದೇಹಕ್ಕಾಗಿ ಇಳಿಸಲಿಲ್ಲ, ದುಡ್ಡಿಗಾಗಿ ಇಳಿಸಿದವು. ನಮಗೇನು, ಇಳೀತಲ್ಲ.

ಇಲ್ಲಿ ನಮ್ಮ ಗುಂಪಿನಲ್ಲೇ ಒಂದು ಗಂಭೀರ ತಕರಾರಿದೆ. ‘ಬಡವರ ಮಕ್ಕಳು ತಿನ್ನೋ ಬಿಸ್ಕೆಟ್ಟಿಗೂ ತೆರಿಗೆ ಜಾಸ್ತಿ ಮಾಡಿ ಅಂತೀರಾ? ಕೊನೆಗೆ ಕಟ್ಟೋರು ನಾವೇ ಅಲ್ವಾ?’ ಅಂತ ಒಬ್ಬ ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದನ್ನ ಹಾರಿಸಿ ಹೋಗಬಾರದು.

ನನ್ನ ಉತ್ತರ ಎರಡು. ಒಂದು, ಮೆಕ್ಸಿಕೋ ದೇಶ 2014ರಲ್ಲಿ ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿದಾಗ ಖರೀದಿ ಹೆಚ್ಚು ಇಳಿದಿದ್ದು ಬಡ ಕುಟುಂಬಗಳಲ್ಲೇ. ತೆರಿಗೆಯನ್ನ ಎಲ್ಲರೂ ಕಟ್ಟಬಹುದು, ಆದರೆ ಡಯಾಲಿಸಿಸ್ ಖರ್ಚು ಕಟ್ಟಲಾರದವರು ನಾವೇ. ಕಾಯಿಲೆಯೂ ಒಂದು ತೆರಿಗೆ, ಅದಕ್ಕೆ ರಸೀದಿ ಇಲ್ಲ. ಎರಡು, ಪಕ್ಕದಲ್ಲಿ ಬೇರೆ ಊಟ ಅಗ್ಗವಾಗಿ ಇಡದೆ ಬರೀ ತೆರಿಗೆ ಹಾಕಿದರೆ ಅದು ಶಿಕ್ಷೆಯೇ. ಆ ಮಾತು ಒಪ್ಪುತ್ತೀನಿ. ಹಾಗಾಗಿ ಕ್ರಮ ಹೀಗಿರಬೇಕು: ಮೊದಲು ಬೇಳೆ, ರಾಗಿ, ಶೇಂಗಾದ ಪ್ಯಾಕೆಟ್ಟಿಗೆ ಸೊನ್ನೆ ತೆರಿಗೆ. ಆಮೇಲೆ ಸಕ್ಕರೆ ಉಪ್ಪಿನ ಪ್ರಮಾಣದ ಮೇಲೆ ತೆರಿಗೆ. ಬಂದ ದುಡ್ಡು ಮೊಟ್ಟೆಗೆ, ಅಂಗನವಾಡಿಗೆ. ಕೇರಳ 2016ರಲ್ಲಿ ಬ್ರಾಂಡ್ ಹೋಟೆಲುಗಳ ಬರ್ಗರ್, ಪಿಜ್ಜಾಗೆ 14.5% ‘ಕೊಬ್ಬು ತೆರಿಗೆ’ ಹಾಕಿತ್ತು. ಮರುವರ್ಷ ಜಿಎಸ್‌ಟಿ ಬಂದು ರಾಜ್ಯಗಳ ಕೈಯಿಂದ ಆ ಅಧಿಕಾರವೇ ಹೋಯ್ತು. ಈಗ ಮಾತಾಡಬೇಕಾದ ಜಾಗ ಜಿಎಸ್‌ಟಿ ಮಂಡಳಿ. ಅಲ್ಲಿ ಕರ್ನಾಟಕದ ಸಚಿವರಿಗೂ ಕುರ್ಚಿ ಇದೆ. ಆದಾಯ ನಷ್ಟದ ಬಗ್ಗೆ ನಮ್ಮ ರಾಜ್ಯ ಗಟ್ಟಿಯಾಗಿ ಮಾತಾಡಿತು, ಮಾತಾಡಲೇಬೇಕು. ಬೇಳೆಯ ತೆರಿಗೆ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಲಿ.

ಮೂರನೆಯವನು, ಜಾಹೀರಾತು ಮಾಡೋನು.

ಇವನು ಟಿವಿಯಲ್ಲಿ ಮಾತ್ರ ಇಲ್ಲ. ಅಂಗಡಿಯ ಬೋರ್ಡು ಬರೆಸಿಕೊಟ್ಟವನು ಇವನೇ, ಫ್ರಿಜ್ ತಂದಿಟ್ಟವನು ಇವನೇ. ಆ ಫ್ರಿಜ್ಜಿನಲ್ಲಿ ಇವನ ಬಾಟಲಿ ಮುಂದೆ, ಮಜ್ಜಿಗೆ ಹಿಂದೆ. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಇಂಥ ತಿಂಡಿ ಮಕ್ಕಳಿಗೆ ಮಾರಬಾರದು ಅಂತ 2020ರ ನಿಯಮ ಇದೆ. ನಮ್ಮ ಏರಿಯಾದ ಯಾವ ಶಾಲೆ ಗೇಟಿನ ಮುಂದೆ ಬೇಕಾದರೂ ಹೆಜ್ಜೆ ಎಣಿಸಿ ನೋಡಿ. ಹಾಗಂತ ಗೂಡಂಗಡಿ ಅಜ್ಜಿಗೆ ದಂಡ ಹಾಕಿ ಅಂತ ನಾನು ಹೇಳಲ್ಲ. ಸರ್ಕಾರದ ಕೈಗೆ ಯಾವಾಗಲೂ ಮೊದಲು ಸಿಗೋದು ಅವಳೇ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಯ ಬಣ್ಣಕ್ಕೆ ನಿಷೇಧ ಬಂತು. 171 ಗೋಬಿ ಮಾದರಿಯಲ್ಲಿ 107 ಅಸುರಕ್ಷಿತ ಅಂತ ಆರೋಗ್ಯ ಸಚಿವರು ಹೇಳಿದರು. ರೋಡಮಿನ್-ಬಿ ವಿಷವೇ, ನಿಷೇಧ ಸರಿಯಾದದ್ದೇ. ನಾನು ಕೇಳೋದು, ತಳ್ಳುಗಾಡಿಯವನಿಗೆ ಒಂದು ದಿನದಲ್ಲಿ ಬಂದ ಆದೇಶ ಫ್ಯಾಕ್ಟರಿಯವನಿಗೆ ಇಷ್ಟು ವರ್ಷವಾದರೂ ಯಾಕೆ ಬರಲಿಲ್ಲ?

ಸುಳ್ಳು ಹೆಸರಿನ ಆಟವೂ ಇದೆ. ಬೋರ್ನ್‌ವಿಟಾದಂಥ ಪುಡಿಗಳನ್ನ ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಎಷ್ಟು ತಾಯಂದಿರು ಊಟ ಬಿಟ್ಟು ಅದನ್ನ ಕೊಂಡರೋ. ಇನ್ನೊಂದು ಓಆರ್‌ಎಸ್ ಕಥೆ. ಭೇದಿಯಾದ ಮಗುವಿಗೆ ಕೊಡೋ ಜೀವ ಉಳಿಸೋ ಪುಡಿಯ ಹೆಸರನ್ನ ಸಕ್ಕರೆ ಪಾನೀಯದ ಡಬ್ಬದ ಮೇಲೆ ಹಾಕಿ ಮೆಡಿಕಲ್ ಶಾಪಿನಲ್ಲೇ ಮಾರ್ತಿದ್ದರು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಒಂಟಿಯಾಗಿ ಬಡಿದಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಅದು ನಿಂತಿತು. ಒಬ್ಬ ಹೆಣ್ಣುಮಗಳ ಎಂಟು ವರ್ಷ. ಇದನ್ನ ನೆನಪಿಟ್ಟುಕೊಳ್ಳಿ, ನಮಗೆ ಧೈರ್ಯ ಬೇಕಾದಾಗ ಬೇಕಾಗುತ್ತೆ.

ಮತ್ತೆ ಜಾತಿ. ಈ ದೇಶದ ದೊಡ್ಡ ಬ್ರಾಂಡ್ ಜಾತಿಯೇ. ಬೀದಿಗೊಂದು ಅಯ್ಯಂಗಾರ್ ಬೇಕರಿ. ಒಳಗಿರೋದು ಎಲ್ಲ ಬೇಕರಿಯ ಹಾಗೆ ಮೈದಾ, ಸಕ್ಕರೆ, ಕೊಬ್ಬು. ಆದರೆ ಹೆಸರೇ ಶುಚಿಯ ಸರ್ಟಿಫಿಕೇಟು. ‘ಶುದ್ಧ ಸಸ್ಯಾಹಾರಿ’ ಬೋರ್ಡಿನಲ್ಲಿ ‘ಸಸ್ಯಾಹಾರಿ’ ಮಾಹಿತಿ, ‘ಶುದ್ಧ’ ಜಾಹೀರಾತು. ಹಾಗಾದರೆ ನಮ್ಮ ಅಡುಗೆ ಮನೆ ಏನು? ಇದೇ ಬೋರ್ಡಿನಲ್ಲಿ ನಮ್ಮವರೊಬ್ಬರ ಹೋಟೆಲಿಗೆ ಅವರ ಜಾತಿ ಹೆಸರಿಟ್ಟು ನೋಡಿ, ಎಷ್ಟು ಜನ ಕಾಫಿ ಕುಡಿಯೋಕೆ ಬರ್ತಾರೆ ಅಂತ.

2024ರ ಮಾರ್ಚ್‌ನಲ್ಲಿ ಜೊಮಾಟೊ ‘ಶುದ್ಧ ಸಸ್ಯಾಹಾರ’ಕ್ಕೆ ಬೇರೆ ಡೆಲಿವರಿ ಪಡೆ, ಹಸಿರು ಬಟ್ಟೆ ಅಂತ ಘೋಷಿಸಿತು. ಕೆಂಪು ಬಟ್ಟೆ ಹುಡುಗರನ್ನ ಅಪಾರ್ಟ್‌ಮೆಂಟ್ ಗೇಟಿನಲ್ಲೇ ತಡೀತಾರೆ ಅಂತ ಜನ ಕೂಗಿದ ಮೇಲೆ ಹಸಿರು ಬಟ್ಟೆ ಮರುದಿನವೇ ವಾಪಸ್ ಆಯ್ತು. ನೋಡಿ, ಪ್ಯಾಕೆಟ್ಟಿನ ಮೇಲಿದ್ದ ಚುಕ್ಕಿ ಮನುಷ್ಯನ ಅಂಗಿಗೆ ಬರೋಕೆ ಎಷ್ಟು ಹೊತ್ತು ಬೇಕು! ಆ ಹುಡುಗರು ನಮ್ಮ ನಾಗಸಂದ್ರದ ಬಾಡಿಗೆ ರೂಮುಗಳಲ್ಲೇ ಇರೋರು.

ಹಾಗಾಗಿಯೇ ಇದು ಬರೀ ಆರೋಗ್ಯ ಇಲಾಖೆಯ ವಿಷಯ ಅಲ್ಲ, ನಮ್ಮ ಚಳವಳಿಯ ವಿಷಯ. ‘ಮೀಸಲಾತಿ, ದೌರ್ಜನ್ಯ, ಭೂಮಿ ಬಿಟ್ಟು ಚಿಪ್ಸ್ ಬಗ್ಗೆ ಬರೀತೀರಲ್ಲ’ ಅಂತ ಕೇಳೋ ಗೆಳೆಯರಿಗೆ ಹೇಳ್ತೀನಿ. ಬಾಬಾಸಾಹೇಬರು 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅಸ್ಪೃಶ್ಯತೆಯ ಮೂಲ ಹುಡುಕ್ತಾ ಹೋಗಿ ನಿಂತಿದ್ದು ಊಟದ ತಟ್ಟೆಯ ಮುಂದೆ. ಗೋಮಾಂಸ ತಿನ್ನೋರು ಯಾರು, ಬಿಟ್ಟವರು ಯಾರು, ಯಾಕೆ ಅನ್ನೋ ಪ್ರಶ್ನೆಯ ಮುಂದೆ. ಊಟ ಯಾವತ್ತೂ ನಮಗೆ ಚಿಕ್ಕ ವಿಷಯ ಆಗಿರಲಿಲ್ಲ.

ನಮ್ಮ ಅಗ್ಗದ ಪೌಷ್ಟಿಕ ಊಟಕ್ಕೆ ಏನಾಯ್ತು ಅಂತ ಲೆಕ್ಕ ಹಾಕಿ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಿಂದ ಸುಗ್ರೀವಾಜ್ಞೆ ರೂಪದಲ್ಲಿ ಜಾರಿಗೆ ಬಂತು. 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಮಿಕ್ಕೆಲ್ಲ ನಿಷೇಧ. ಮೂರರಿಂದ ಏಳು ವರ್ಷ ಜೈಲು, ಒಂದು ದನಕ್ಕೆ 50,000ದಿಂದ 5 ಲಕ್ಷದವರೆಗೆ ದಂಡ. ಚಿಪ್ಸಿಗೆ ಒಂದು ಕಪ್ಪು ಗುರುತು ಹಾಕೋಕೆ ‘ಜನರ ಆಯ್ಕೆಯ ಸ್ವಾತಂತ್ರ್ಯ’ ಅಂತ ವಾದ ಮಾಡೋರು ನಮ್ಮ ತಟ್ಟೆಗೆ ಪೊಲೀಸರನ್ನ ಕಳಿಸುವಾಗ ಆ ಸ್ವಾತಂತ್ರ್ಯ ಎಲ್ಲಿಟ್ಟಿದ್ದರು?

ಮೊಟ್ಟೆ ಕಥೆ ನಿಮಗೆ ಗೊತ್ತೇ ಇದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು, ನಮ್ಮ ಊಟ ನಿರ್ಧರಿಸೋಕೆ ನೀವ್ಯಾರು ಅಂತ ಕೇಳಿದ ದನಿ ಇಡೀ ರಾಜ್ಯ ಕೇಳಿತು. ಬಾಳೆಹಣ್ಣು, ಚಿಕ್ಕಿ ಬೇಕಾದವರಿಗೆ ಅದೂ ಇತ್ತು. ಯಾರ ಬಾಯಿಗೂ ಮೊಟ್ಟೆ ತುರುಕಿರಲಿಲ್ಲ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣದ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಇದು ನಮ್ಮ ಮಕ್ಕಳ ದೊಡ್ಡ ಗೆಲುವು. ಆದರೆ ಒಂದು ಸರ್ಕಾರ ತನ್ನ ಮಕ್ಕಳ ಮೊಟ್ಟೆಗೆ ದಾನಿಯನ್ನ ನೆಚ್ಚಿಕೊಂಡು, ಚಿಪ್ಸಿನ ತೆರಿಗೆ ಬಿಟ್ಟುಕೊಡೋ ವ್ಯವಸ್ಥೆಯ ಒಳಗೆ ಕೂತಿರೋದು ನನಗೆ ಜೀರ್ಣ ಆಗಲ್ಲ.

ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಹೆಂಗಸರಲ್ಲಿ 47.8% ಜನಕ್ಕೆ ರಕ್ತಹೀನತೆ. ಇದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ಅದೇ ಸಮೀಕ್ಷೆಯಲ್ಲಿ ಹೆಂಗಸರಲ್ಲಿ ಸುಮಾರು 30% ತೂಕ ಜಾಸ್ತಿ. ಒಂದೇ ರಾಜ್ಯ, ಕೆಲವೊಮ್ಮೆ ಒಂದೇ ಮನೆ. ಮಗು ಬೆಳೀತಿಲ್ಲ, ತಾಯಿಗೆ ರಕ್ತ ಇಲ್ಲ, ಆದರೂ ತೂಕ ಇದೆ. ಹೊಟ್ಟೆ ತುಂಬಿದೆ, ದೇಹ ಹಸಿದಿದೆ. ಹಸಿವಿನ ವಿರುದ್ಧ ಹೋರಾಡಿದ ಚಳವಳಿ ಈ ಹೊಸ ಹಸಿವಿನ ಮುಖ ಗುರುತು ಹಿಡಿಯಬೇಕು. ಇದು ಬಣ್ಣದ ಪ್ಯಾಕೆಟ್ಟಿನಲ್ಲಿ ಬರುತ್ತೆ, ಮೇಲೆ ಹಸಿರು ಚುಕ್ಕಿ ಇರುತ್ತೆ.

ನಾವು ಕೇಳಬೇಕಾದ್ದು ಇಷ್ಟು:

1. ಪ್ಯಾಕೆಟ್ಟಿನ ಮುಂಭಾಗದಲ್ಲಿ ನಕ್ಷತ್ರ ಬೇಡ. ‘ಉಪ್ಪು ಜಾಸ್ತಿ’, ‘ಸಕ್ಕರೆ ಜಾಸ್ತಿ’, ‘ಕೊಬ್ಬು ಜಾಸ್ತಿ’ ಅನ್ನೋ ಕಪ್ಪು ಎಚ್ಚರಿಕೆ ಗುರುತು ಬೇಕು. ಎಷ್ಟಾದರೆ ಜಾಸ್ತಿ ಅನ್ನೋ ಅಳತೆ ಕಾನೂನಿನಲ್ಲಿ ಇರಬೇಕು.

2. ಕರ್ನಾಟಕದಲ್ಲಿ ಮಾರೋ ಪ್ಯಾಕೆಟ್ಟಿನಲ್ಲಿ ಆ ಎಚ್ಚರಿಕೆ ಕನ್ನಡದಲ್ಲಿ ಇರಬೇಕು. ಓದೋಕೆ ಬಾರದವರಿಗೆ ಚಿತ್ರ ಇರಬೇಕು.

3. ಬೇಳೆ, ರಾಗಿ, ಸಿರಿಧಾನ್ಯದ ಪ್ಯಾಕೆಟ್ಟಿಗೆ ಸೊನ್ನೆ ಜಿಎಸ್‌ಟಿ. ಗುಳ್ಳೆ ನೋಡಿ ಬೇಡ, ಸಕ್ಕರೆ ಉಪ್ಪಿನ ಪ್ರಮಾಣ ನೋಡಿ ತೆರಿಗೆ.

4. ಎಚ್ಚರಿಕೆ ಗುರುತಿರೋ ತಿಂಡಿಗೆ ಮಕ್ಕಳನ್ನ ಸೆಳೆಯೋ ಗೊಂಬೆ, ನಟ, ಕ್ರಿಕೆಟ್ ಬೇಡ.

5. ಶಾಲೆಯ ಮೊಟ್ಟೆ ಸರ್ಕಾರದ ಬಜೆಟ್ಟಿನಲ್ಲೇ ಇರಬೇಕು, ದಾನಿ ಇರಲಿ ಬಿಡಲಿ.

ಕೋರ್ಟು, ಮಂಡಳಿ, ಪ್ರಾಧಿಕಾರ ಅವರವರ ವೇಗದಲ್ಲಿ ಹೋಗಲಿ, ನಾವು ಕಾಯೋದು ಬೇಡ. ಏಪ್ರಿಲ್ 14ಕ್ಕೆ ಎಲ್ಲ ಓಣಿಯಲ್ಲೂ ಕಾರ್ಯಕ್ರಮ ಮಾಡ್ತೀವಲ್ಲ, ಮೈಕು, ಹಾರ, ಭಾಷಣ ಇರುತ್ತೆ. ಅದರಲ್ಲಿ ಅರ್ಧ ಗಂಟೆ ಪ್ಯಾಕೆಟ್ಟು ಓದೋಕೆ ಇಡಿ. ಮಕ್ಕಳ ಕೈಲೇ ಓದಿಸಿ. ಟೀ ಚಮಚದಲ್ಲಿ ಸಕ್ಕರೆ ಅಳೆದು ಖಾಲಿ ಬಾಟಲಿ ಪಕ್ಕ ಗುಡ್ಡೆ ಹಾಕಿ ತೋರಿಸಿ. ‘ಶಿಕ್ಷಣ’ ಅಂದ್ರೆ ಇದೂ ಒಂದು. ಆಮೇಲೆ ಅದೇ ಮಕ್ಕಳ ಕೈಲಿ ನಿಮ್ಮ ಶಾಸಕರಿಗೆ, ಸಂಸದರಿಗೆ ಒಂದು ಪತ್ರ ಬರೆಸಿ. ಪತ್ರದ ಜೊತೆ ಖಾಲಿ ಪ್ಯಾಕೆಟ್ಟನ್ನೂ ಪಿನ್ ಮಾಡಿ ಕಳಿಸಿ.

ತಾರಿಖು ಹತ್ತಿರ ಬಂದ ಮೇಲೆ ನೆನಪಿಸ್ತೀನಿ. ಯಾವ ಯಾವ ಓಣಿಯವರು ಮಾಡ್ತೀರಿ, ಕಾಮೆಂಟಲ್ಲಿ ಹೇಳಿ.

ಜೈ ಭೀಮ್.